ಮಂಜಿನಲ್ಲಿ ಕಾಣದ ಲಾಟೀನು

ಹುಲ್ಲಹಳ್ಳಿಯ ನಾಲೆ ರಸ್ತೆ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಲೆಗೆ ಮಫ್ಲರ್ ಸುತ್ತಿಕೊಂಡ ಪವಿತ್ರ ಮೋರಿಕಟ್ಟೆಯ ಮೇಲೆ ಕೂತು ಮಂಜು ನೋಡುತ್ತಿದ್ದಾರೆ. ಲಾರಿಯ ಸದ್ದು ಕೇಳುತ್ತದೆ, ದೀಪ ಎಲ್ಲಿದೆಯೆಂದು ತಿಳಿಯದು. ಮಂಜೆಲ್ಲ ಒಟ್ಟಿಗೇ ಬೆಳ್ಳಗಾಗುತ್ತದೆ. ಕಬ್ಬಿನ ಗರಿ, ರಸ್ತೆ, ಈಕೆಯ ಕೈ, ಎಲ್ಲಕ್ಕೂ ಒಂದೇ ಬೆಳಕು, ಯಾವುದಕ್ಕೂ ನೆರಳಿಲ್ಲ. "ಇದ್ನೇ ಸಾರ್ ನಾನು ಕಂಪ್ಯೂಟರ್‌ಗೆ ಕಲಿಸಿದ್ದು," ಎನ್ನುತ್ತಾರೆ ನನ್ನತ್ತ ತಿರುಗಿ, ಚಳಿಗೆ ಮೂಗೊರೆಸಿಕೊಳ್ಳುತ್ತಾ.

ನಂಜನಗೂಡಿನ ಚಿಕ್ಕಸ್ವಾಮಿಯವರ ಸ್ಟುಡಿಯೋದಲ್ಲಿ ಈಕೆಯದು ಮದುವೆ ಸಿ.ಡಿ.ಗಳಿಗೆ ಗುಲಾಬಿ ಉದುರಿಸುವ, ಹೆಸರು ತೇಲಿಸುವ ಕೆಲಸ. ನೋಡಿದವರು ಹೆಣ್ಣು-ಗಂಡನ್ನು ಹೊಗಳುತ್ತಾರೆ, ಹೆಚ್ಚೆಂದರೆ ಕ್ಯಾಮೆರಾದವನನ್ನು. ಗುಲಾಬಿ ಉದುರಿಸಿದವರನ್ನು ಕೇಳುವವರಾರು? 2006ರ ಈ ಚಳಿಗಾಲ, ಮಂಜಿನಲ್ಲಿ ಫುಲ್ ಲೈಟ್ ಹಾಕಬೇಡಿ ಎಂದು ಡ್ರೈವರ್‌ಗಳಿಗೆ ತಿಳಿಹೇಳುವ ಚಿಕ್ಕ ಚಿತ್ರ ಬೇಕೆಂದು ಲಾರಿ ಮಾಲೀಕರು ಬಂದಾಗ, ಪವಿತ್ರ ಆ ಕೆಲಸವನ್ನು ತಾವಾಗಿ ಕೇಳಿ ಪಡೆದರು.

ಕಾರಣ ಮನೆಯಲ್ಲೇ ಇದೆ. ತಂದೆ ಕರಿಯಯ್ಯ ಕಬ್ಬಿನ ಗಾಡಿ ಹೊಡೆಯುತ್ತಿದ್ದವರು. ಪವಿತ್ರ ಚಿಕ್ಕವರಿದ್ದಾಗ, ಒಂದು ಮಂಜಿನ ಬೆಳಗ್ಗೆ ಇದೇ ರಸ್ತೆಯಲ್ಲಿ ಫುಲ್ ಲೈಟ್ ಹಾಕಿದ್ದ ಲಾರಿಯೊಂದು ಹಿಂದಿನಿಂದ ಗುದ್ದಿತು. ಒಂದು ಎತ್ತು ಸತ್ತಿತು, ಕರಿಯಯ್ಯನವರ ಕಾಲು ಹೋಯಿತು. ಗಾಡಿಯ ಕೆಳಗೆ ಲಾಟೀನೇ ಕಟ್ಟಿರಲಿಲ್ಲ ಎಂದ ಡ್ರೈವರ್. ಊರೂ ನಂಬಿತು. "ಕಾಲು ಓಯ್ತು, ಓಗ್ಲಿ ಸಾ. ಲಾಟೀನ ಅತ್ತಿಸಿ ಕಟ್ಟಿದ್ದೆ. ಸುಳ್ಳ ಅಂದ್ಬುಟ್ರಲ್ಲ," ಎಂದು ಕರಿಯಯ್ಯ ಇಂದಿಗೂ ಹೇಳುತ್ತಾರೆ.

ಅಪ್ಪನ ಮೇಲಿನ ಅಕ್ಕರೆಗೆ ಪವಿತ್ರ ಕಂಪ್ಯೂಟರ್‌ನಲ್ಲೇ ಬಿಡಿಸಿದ ಚಿತ್ರದಲ್ಲಿ ಲಾಟೀನನ್ನು ಕೆಂಪಗೆ, ಚೆಂದವಾಗಿ ಉರಿಸಿದರು. ಮೇಲೊಂದು ಬಿಳಿ ಮಂಜು ಎಳೆದರು. ಕರಿಯಯ್ಯ ನೋಡಿ ಮುಖ ತಿರುಗಿಸಿದರು. "ಇದು ಮಂಜಲ್ಲ ಕಣವ್ವ, ಸೊಳ್ಳೆ ಪರದೆ. ನನ್ ಲಾಟೀನು ಇಂಗೆ ಕಂಡಿದ್ರೆ ಅವ್ನು ಯಾಕವ್ವ ಬಂದು ಗುದ್ದಾನು?"

ಮಗಳಿಗೆ ಆಗ ಹೊಳೆಯಿತು. ಲಾಟೀನಿದ್ದರೆ ಕಾಣುತ್ತಿತ್ತು ಎಂದು ಚಿತ್ರವೂ ಸಾರಿದರೆ, ಅಪ್ಪ ಅದನ್ನು ತೋರಿಸಲಿರುವ ಡ್ರೈವರ್‌ಗಳ ಸಭೆಯಲ್ಲೇ ಮತ್ತೆ ಸುಳ್ಳರಾಗುತ್ತಿದ್ದರು.

ಎಲ್ಲ ಅಳಿಸಿ ಹೊಸದಾಗಿ ಶುರು. ದೀಪದ ಬೆಳಕು ಮಂಜಿಗೆ, ಮಂಜಿನಿಂದ ರಸ್ತೆಗೆ, ರಸ್ತೆಯಿಂದ ಮತ್ತೆ ಮಂಜಿಗೆ ಹರಡುವುದನ್ನು ಕಂಪ್ಯೂಟರ್ ಲೆಕ್ಕ ಹಾಕಬೇಕು. ಒಂದೊಂದು ಫ್ರೇಮಿಗೂ ಗಂಟೆಗಟ್ಟಲೆ. ನಡುವೆ ಕರೆಂಟು ಹೋದರೆ ಮೊದಲಿನಿಂದ. "ಮದ್ವೆಯೋರು ಬಾಗ್ಲಲ್ಲಿ ನಿಂತವ್ರೆ, ನೀನು ಮಂಜು ಬೇಯಿಸ್ತಾ ಕೂತಿದ್ದೀಯಲ್ಲಮ್ಮ," ಎಂದು ಚಿಕ್ಕಸ್ವಾಮಿ ರೇಗುತ್ತಿದ್ದರು. ರೇಗಿಯೂ ಕಂಪ್ಯೂಟರ್ ಬಿಟ್ಟುಕೊಟ್ಟರು. "ಮಂಜು ದೀಪನ ಮುಚ್ಚಲ್ಲ ಸಾರ್, ಮಂಜೇ ದೀಪ ಆಗ್ಬಿಡ್ತದೆ," ಎನ್ನುತ್ತಾರೆ ಪವಿತ್ರ.

ಕಳೆದ ಭಾನುವಾರ ಸಭೆ. ಪರದೆಯ ಮೇಲೆ ಲಾರಿಯ ಡಿಮ್ ಲೈಟಿನಲ್ಲಿ ಗಾಡಿ, ಅದರಡಿ ಕೆಂಪು ಲಾಟೀನು. ಫುಲ್ ಲೈಟ್ ಬಿದ್ದದ್ದೇ ತಡ ಎಲ್ಲ ಬಿಳಿ. ಗಾಡಿಯಿಲ್ಲ, ಉರಿಯುತ್ತಲೇ ಇರುವ ಲಾಟೀನೂ ಇಲ್ಲ. ತಲೆ ನರೆತ ಡ್ರೈವರೊಬ್ಬರು ಎದ್ದು ಹಿಂದಿನ ಸಾಲಿಗೆ ಬಂದು ಕರಿಯಯ್ಯನವರ ಕೈ ಹಿಡಿದರು. "ಲಾಟೀನು ಇತ್ತು ಕಣಣ್ಣ. ನಾವೇ ಕಾಣ್ದಂಗೆ ಮಾಡ್ಕತಿದ್ವಿ."

ಚಿತ್ರದ ಕೊನೆಗೆ ನಿಮ್ಮ ಹೆಸರೇಕೆ ಹಾಕಲಿಲ್ಲ ಎಂದರೆ ಪವಿತ್ರ ನಗುತ್ತಾರೆ. "ಒಬ್ರದ್ದು ಹಾಕಿದೀನಲ್ಲ ಸಾರ್, ಸಾಕು."

ಕರಿ ಪರದೆಯ ಮೇಲೆ ಒಂದೇ ಸಾಲು ತೇಲಿ ಬರುತ್ತದೆ: ಲಾಟೀನು ಕಟ್ಟಿದವರು, ಕರಿಯಯ್ಯ.