ನನ್ನ ಹೆಸರಿಗೆ ಬಂದ ಮಾತು

ಇಳಕಲ್ ಸೀರಿಯ ಒಡಲಿಗೆ ಸೆರಗು ಕೂಡಿಸೋದ್ರಾಗ ನನ್ನಂಥಾ ನೇಕಾರ ಈ ಸೀಮ್ಯಾಗ ಇನ್ನೊಬ್ಬ ಇಲ್ಲ. ನಾ ಸಾಲಿ ಕಟ್ಟಿ ಹತ್ತದವ. ಆದ್ರೂ ಹುನಗುಂದದಿಂದ ಕಾಲೇಜಿನ ಹುಡುಗಿಯೊಬ್ಬಳು ಪ್ರಬಂಧ ಬರೀಬೇಕಂತ ಬಂದಾಗ, ಮೂರು ದಿನ ಮಗ್ಗದ ಮುಂದ ಕೂಡ್ರಿಸಿ ಎಲ್ಲಾ ಹೇಳಿಕೊಟ್ಟೆ. ಎಳಿಗೆ ಎಳಿ ಕೊಂಡಿ ಹಾಕುವಾಗ ಕಣ್ಣು ನಂಬಬಾರದು, ಬೆರಳ ತುದಿ ನಂಬಬೇಕು ಅಂದೆ. ಆಕಿಗೆ ಬ್ಯಾಸರಾಗಬಾರದಂತ, ನಾ ನೇಯ್ದ ಸೀರಿ ಕಡ್ಡಿಪೆಟಿಗ್ಯಾಗ ಹಿಡಿಸ್ತಿತ್ತು, ಬಿಚ್ಚಿದ್ರ ಪಟ್ಟದಕಲ್ಲಿನ ಹೊಳಿ ದಾಟ್ತಿತ್ತು ಅಂತಾನೂ ಅಂದೆ.

ಬರದದ್ದನ್ನ ತಂದು ಆಕೀನ ಓದಿ ಹೇಳಿದ್ಲು. ಹಾಳಿಯೊಳಗ ಒಂದು ಕಡೆ ಜೋಡಿ ಇರುವಿಯಂಥಾ ಗುರುತು ಕಂಡು, "ಇವೇನವಾ ತಂಗಿ?" ಅಂದೆ.

"ಉದ್ಧರಣ ಚಿಹ್ನಿರೀ ಅಜ್ಜಾರ. ಅವುಗಳ ನಡುವ ಇರೋದು ನಿಮ್ಮ ಮಾತು. ನಿಮ್ಮ ಹೆಸರೂ ಹಾಕೇನ್ರಿ."

ನನ್ನ ಎದಿ ಉಬ್ಬಿತು. "ಯಾವ ಮಾತದು?"

"ಕಡ್ಡಿಪೆಟಿಗಿ ಸೀರೀದು."

"ಮತ್ತ ಬೆರಳ ತುದೀದು?"

"ಅದು ಪ್ಯಾರಾದೊಳಗ ನನ್ನ ಬರವಣಿಗ್ಯಾಗ ಸೇರೇತ್ರಿ. ಅದು ಬರೇ ಮಾಹಿತಿ, ಹೆಸರು ಬೇಕಿಲ್ಲ. ಕಡ್ಡಿಪೆಟಿಗೀದು ನಾನ ಹೇಳೇನಿ ಅಂತ ಸರ್ ತಿಳ್ಕೊಂಡ್ರ ಮಾರ್ಕ್ಸ್ ಕಟ್ ಆಗ್ತಾವ್ರಿ."

"ಹಂಗಾರ ಖರೆ ನಿಂದು, ಸುಳ್ಳು ನಂದು?"

"ಸಿಟ್ಟಾಗಬ್ಯಾಡ್ರಿ ಅಜ್ಜಾರ" ಅಂತ ನಕ್ಕು, ಚಾ ಕುಡಿದು ಬಸ್ಸಿಗೆ ಹೋದ್ಲು. ಐವತ್ತು ವರ್ಷ ಬೆರಳು ಸವೆಸಿ ಕಲ್ತದ್ದು ಆಕಿ ಚೀಲದಾಗ ಹೋತು.

ಈಗ ಯಾರು ಕೇಳಾಕ ಬಂದ್ರೂ, ಕೊಂಡಿ ಹಾಕೂ ಮೊದಲು ಎಡಗಣ್ಣು ಮುಚ್ಚಿ ಮೂರು ಸಲ ಸೀನಬೇಕು ಅಂತೇನಿ. ಅದನ್ನಾರ ನನ್ನ ಹೆಸರಿಲೇ ಬರೀತಾರ.