ಈರಣ್ಣನ ಉಪ್ಪುನೀರು

ನಂಬಲೇ ಇಲ್ಲ ನಾನು...

ಬೆಳಿಗ್ಗೆ ಟುನ್ನೆಲ್‌ಬಾನಾ ಮೆಟ್ರೊದಲ್ಲಿ ಕೂತು ವೆಸ್ಟೆರಾಸ್ ಊರಿನ ಕನ್ನಡಿಗರ ವಾಟ್ಸಾಪ್ ಗ್ರೂಪ್ ತೆರೆದರೆ ಈರಣ್ಣನ ಫೋಟೊ.
ಕೆಳಗೆ ಸಾಲುಸಾಲು ಕೈಮುಗಿದ ಎಮೋಜಿ.
ಯಾರೋ ತಪ್ಪು ಫೋಟೊ ಹಾಕಿದ್ದಾರೆ ಎಂದು ಬೈಯಲು ಹೊರಟಿದ್ದೆ...
ನಿನ್ನೆ ಸಂಜೆ ಹೃದಯಾಘಾತವಂತೆ.
ಐವತ್ತು ಕೂಡ ಆಗಿರಲಿಲ್ಲ.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಗದಗದ ಈರಣ್ಣ ಸ್ಟಾಕ್‌ಹೋಮಿನ ನಮ್ಮ ಲ್ಯಾಬಿನಲ್ಲಿ ಪೋಸ್ಟ್‌ಡಾಕ್ ಆಗಿದ್ದರು.
ನಾನು ಅಲ್ಲೇ ಪಿಎಚ್‌ಡಿ ವಿದ್ಯಾರ್ಥಿನಿ.

ನಮ್ಮ ಕೆಲಸ ತೆಳು ಪದರ ಕಟ್ಟುವುದು.
ಒಂದು ಪುಟ್ಟ ಬಿಲ್ಲೆಯ ಮೇಲೆ ಪ್ಲಸ್ ಚಾರ್ಜಿನ ಪಾಲಿಮರ್ ಬಿಡಬೇಕು, ತೊಳೆಯಬೇಕು.
ಆಮೇಲೆ ಮೈನಸ್ಸಿನದು ಬಿಡಬೇಕು, ಮತ್ತೆ ತೊಳೆಯಬೇಕು.
ಪ್ರತಿ ಪದರವೂ ಬೇಕಾದ್ದಕ್ಕಿಂತ ಒಂಚೂರು ಹೆಚ್ಚೇ ಅಂಟುತ್ತದೆ, ಚಾರ್ಜು ತಿರುವುಮುರುವಾಗುತ್ತದೆ. ಅದಕ್ಕೇ ಮುಂದಿನ ಪದರ ಬಂದು ಕೂರುತ್ತದೆ.
ಎಷ್ಟು ಅಂಟಿತು ಎಂದು ಮೀಟರ್ ಹೇಳುತ್ತದೆ.

ನಮ್ಮ ಪದರಗಳು ಬಹಳ ದಪ್ಪ ಬರುತ್ತಿದ್ದವು. ಪ್ರೊಫೆಸರ್‌ಗೆ ಭಾರೀ ಖುಷಿ.
ಈರಣ್ಣನಿಗೆ ಮಾತ್ರ ಅನುಮಾನ...

ಜುಲೈ. ಇಡೀ ಕಟ್ಟಡ ರಜೆಯ ಮೇಲೆ ಹೋಗಿತ್ತು. ಇದ್ದದ್ದು ನಾವಿಬ್ಬರೇ.
ಈರಣ್ಣ ಪಾಲಿಮರ್ ಹಾಕದೆ, ಅದನ್ನು ಕರಗಿಸುವ ಉಪ್ಪುನೀರನ್ನಷ್ಟೇ ಬಿಲ್ಲೆಯ ಮೇಲೆ ಹರಿಸಿದರು.
ಮೀಟರ್ ಹೆಚ್ಚುಕಡಿಮೆ ಅಷ್ಟೇ ಜಿಗಿಯಿತು!
“ನೋಡಬೇ ಇಲ್ಲಿ! ಪಾಲಿಮರೇ ಇಲ್ಲ, ಪದರ ಬಂದೈತಿ!”
ನಮ್ಮ ಮುಂದೆ ಬೆಂಗಳೂರು ಕನ್ನಡ ಮಾತಾಡುತ್ತಿದ್ದ ಮನುಷ್ಯ ಅವತ್ತು ಮರೆತೇಬಿಟ್ಟಿದ್ದರು.

ತೊಳೆಯುತ್ತಿದ್ದದ್ದು ಸಾದಾ ನೀರಿನಲ್ಲಿ, ಅಳೆಯುತ್ತಿದ್ದದ್ದು ಉಪ್ಪುನೀರಿನಲ್ಲಿ.
ನೀರು ಬದಲಾದರೂ ಮೀಟರ್ ಜಿಗಿಯುತ್ತದೆ; ಆ ವ್ಯತ್ಯಾಸವನ್ನೇ ಪದರ ಎಂದು ನಾವು ಬರೆದುಕೊಂಡಿದ್ದೆವು.

“ಈಗಲೇ ಮೇಲ್ ಹಾಕಿ ಈರಣ್ಣ, ಗ್ರಾಫ್ ಸಮೇತ” ಎಂದೆ.
“ಛೆ, ಹಿರಿಯರು ಅವ್ರು. ಬರದು ತಪ್ಪು ತೋರಿಸಿದ್ರ ಚಲೋ ಕಾಣ್ತದೇನು? ಬಾಯಿಲೇ ಹೇಳ್ತೀನಿ.”

ಎಲ್ಲರೂ ಹೆಸರು ಹಿಡಿದು ಕರೆಯುವ ಪ್ರೊಫೆಸರರನ್ನು ಕೊನೆಯವರೆಗೂ ಸರ್ ಎಂದವರು ಅವರು.
ಆಗಸ್ಟಿನಲ್ಲಿ ಫಿಕಾ ಎಂಬ ಕಾಫಿ ವಿರಾಮದ ಹೊತ್ತಿಗೆ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು.
ಪ್ರೊಫೆಸರ್ ಕಾಫಿ ಕುಡಿಯುತ್ತಾ ತಲೆಯಾಡಿಸಿದರು. ಅಷ್ಟೇ.
ಇಲ್ಲಿ ಬರೆಯದ ಮಾತು ಹೇಳದ ಮಾತಿಗೆ ಸಮ... ಅದು ನನಗೆ ಗೊತ್ತಿತ್ತು.

ಕಾಂಟ್ರಾಕ್ಟ್ ಮುಗಿಯಿತು, ಮುಂದುವರಿಸಲಿಲ್ಲ. ಅವರು ವೆಸ್ಟೆರಾಸ್‌ನಲ್ಲಿ ಕೇಬಲ್ ಪರೀಕ್ಷಿಸುವ ಕೆಲಸಕ್ಕೆ ಹೋದರು.

ಈರಣ್ಣ... ಇನ್ನು ನಿಮಗೇ ಹೇಳುತ್ತೇನೆ.

ನೀವು ಹೋದ ಮೇಲೆ ಅದೇ ಉಪ್ಪುನೀರನ್ನು ನಾನು ಹರಿಸಿದೆ.
ಗ್ರಾಫ್ ಹಾಕಿ ಮೇಲ್ ಕಳಿಸಿದೆ. ನಿಮ್ಮ ಹೆಸರು ಬರೆಯಲಿಲ್ಲ.
ಗ್ರೂಪ್ ಮೀಟಿಂಗಿನಲ್ಲಿ ನನಗೆ ಚಪ್ಪಾಳೆ ತಟ್ಟಿದರು...
“ಇದು ಈರಣ್ಣ ಕಂಡುಹಿಡಿದದ್ದು” ಎನ್ನಲು ಎಷ್ಟು ಹೊತ್ತು ಬೇಕಿತ್ತು ಹೇಳಿ?
ಥೀಸಿಸ್ ಹತ್ತಿರ ಬಂದಿತ್ತು. ಬಾಯಿಗೆ ಬೀಗ ಹಾಕಿಕೊಂಡೆ.
ಪೇಪರಿನಲ್ಲಿ ಮೊದಲ ಹೆಸರು ನನ್ನದು. ಕೊನೆಯ ಧನ್ಯವಾದದ ಸಾಲಿನಲ್ಲೂ ನೀವಿಲ್ಲ.

ನೀವು ಅದನ್ನು ಓದಿದಿರಿ. ಮೆಸೇಜ್ ಹಾಕಿದಿರಿ.
“ಉಪ್ಪುನೀರಿನ ರನ್ ಪೇಪರ್‌ನಾಗ ಬಂತಲ್ಲ ತಂಗಿ, ಚಲೋ ಆತು.”
ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ.
ನಾನು ಒಂದು ಹೆಬ್ಬೆರಳಿನ ಎಮೋಜಿ ಒತ್ತಿ ಫೋನ್ ಕೆಳಗಿಟ್ಟೆ... ನಾಚಿಕೆಗೇಡಿ.

ಇವತ್ತು ವಿಭಾಗದಿಂದ ಎಲ್ಲರಿಗೂ ಮೇಲ್ ಬಂದಿದೆ.
ನೀವು ಅಮೂಲ್ಯ ಸಹೋದ್ಯೋಗಿಯಂತೆ. ನಿಮ್ಮ ನಗು ಎಲ್ಲರಿಗೂ ನೆನಪಿದೆಯಂತೆ.
ನಗು ನೆನಪಿದೆ, ಹೇಳಿದ ಮಾತು ನೆನಪಿಲ್ಲ. ಸತ್ತವರ ಕಣ್ಣು ದೊಡ್ಡದು ಎಂದು ಇದಕ್ಕೇ ಹೇಳುತ್ತಾರೆ.

ಮಧ್ಯಾಹ್ನ ಪ್ರೊಫೆಸರ್‌ಗೆ ಬರೆದೆ. ಇದು ಈರಣ್ಣನ ಕೆಲಸ, ಪೇಪರಿನಲ್ಲಿ ಅವರ ಹೆಸರನ್ನು ಮೊದಲು ಹಾಕೋಣ ಎಂದು.
ಹತ್ತೇ ನಿಮಿಷಕ್ಕೆ ಉತ್ತರ ಬಂತು.
“ನೀನು ದುಃಖದಲ್ಲಿದ್ದೀಯ. ಅವನು ಹಾಗೆ ಹೇಳಿದ್ದಕ್ಕೆ ಬರವಣಿಗೆಯಲ್ಲಿ ಏನಾದರೂ ಇದೆಯೇ?”

ಇಲ್ಲ.
ಇದ್ದದ್ದು ಒಬ್ಬಳೇ ಸಾಕ್ಷಿ, ನಾನು. ಆ ಸಾಕ್ಷಿ ನೀವು ಬದುಕಿರುವಾಗ ಬಾಯಿ ಬಿಡಲಿಲ್ಲ.

ಹೋಗಿಬನ್ನಿ ಈರಣ್ಣ...
ನೆಮ್ಮದಿ ಕೋರುವ ಯೋಗ್ಯತೆ ನನಗಿಲ್ಲ. ಆದರೂ ನಿಮ್ಮ ಜೀವ ತಣ್ಣಗಿರಲಿ.