ನಾಯಕಿಯ ಬಾಯಲ್ಲಿ ಅಕ್ಕನ ಕೂಗು

ಬೇಸಿಗೆಯಲ್ಲೂ ಪಕ್ಕದ ಮನೆಯ ಅಕ್ಕನ ಕತ್ತಿಗೆ ಒಂದು ಹಳೆಯ ಉಣ್ಣೆಬಟ್ಟೆ ಸುತ್ತಿರುತ್ತಿತ್ತು, ದವಡೆಯಲ್ಲಿ ಜ್ಯೇಷ್ಠಮಧುವಿನ ತುಂಡು. ಮಾತಾಡಿದರೆ ದನಿ ಒಡೆದು ಒಡೆದು ಬರುತ್ತಿತ್ತು.

ಮದುವೆಯಾಗಿ ರಾಜಾಜಿನಗರದ ಆ ವಠಾರಕ್ಕೆ ಬಂದ ಹೊಸತರಲ್ಲಿ, ಒಂದು ಬೆಳಿಗ್ಗೆ ಪಕ್ಕದ ಮನೆಯಿಂದ ಹೆಂಗಸಿನ ಕಿರುಚಾಟ ಕೇಳಿ ಸೌಟು ಹಿಡಿದೇ ಓಡಿದ್ದೆ. ಅಕ್ಕ ಒಲೆಯ ಮುಂದೆ ನಗುತ್ತಾ ನಿಂತಿದ್ದರು.

"ಕುಕ್ಕರ್ ಕೂಗೋವಾಗ ಪ್ರಾಕ್ಟೀಸ್ ಮಾಡ್ಬಿಡ್ತೀನಿ ಕಣೇ, ಯಾರಿಗೂ ಕೇಳ್ಸಲ್ಲ ಅಂತ. ಇವತ್ತು ಹಾಳಾದ್ದು ಕೈಕೊಡ್ತು!"

ದೆವ್ವದ ಸಿನಿಮಾಗಳಲ್ಲಿ ನಾಯಕಿಯರ ಬದಲು ಕಿರುಚುವುದು ಅವರ ಕೆಲಸ. ಗಂಡ ಹೋದ ಮೇಲೆ ಮಗನನ್ನು ಸಾಕಿದ್ದು ಆ ಗಂಟಲೇ.

ಅವರ ಜೊತೆ ಮ್ಯಾಟಿನಿಗೆ ಹೋದರೆ ಹೆದರಲು ಬಿಡುತ್ತಿರಲಿಲ್ಲ. "ಈಗ ನೋಡು, ಮ್ಯೂಸಿಕ್ ನಿಲ್ಲಿಸ್ತಾರೆ," ಎಂದು ಪಿಸುಗುಟ್ಟುತ್ತಿದ್ದರು. ಸಂಗೀತ ನಿಲ್ಲುತ್ತಿತ್ತು. ಕೆಳಗಿನಿಂದ ಬೆಳಕು ಬಿದ್ದ ಮುಖ, ಕಿರುಗುಟ್ಟುವ ಬಾಗಿಲು. "ದೆವ್ವ ಬಂದ್ಮೇಲೆ ಅರ್ಧ ಭಯ ಹೋಯ್ತು ಕಣೇ. ಬಾಗಿಲು ತೆಗೆಯೋಕ್ ಮುಂಚೆ ಇರೋದೇ ಭಯ. ಅದಕ್ಕೇ ಕಿರುಚೋ ಮುಂಚೆ ಉಸಿರು ಒಳಗೆ ಎಳ್ಕೋತೀನಿ. ಅದು ಕೇಳಿದ್ರೆ ನೋಡೋರ ಉಸಿರೂ ನಿಲ್ಲತ್ತೆ."

ಅವರ ಮಗ ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಒಂದು ದಿನ ಕೆಲಸಕ್ಕೆ ಹೊರಟವನು ಲಗ್ಗೆರೆಯ ಹತ್ತಿರ ಲಾರಿಯಡಿ ಸಿಕ್ಕಿ ತೀರಿಕೊಂಡ. ಅವನ ಜೊತೆಯವರು ಬಂದು ಬಾಗಿಲು ತಟ್ಟಿದಾಗ ನಾನು ಅಲ್ಲೇ ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದೆ. ಅಕ್ಕ ಬಾಗಿಲು ತೆಗೆದರು. ಬಂದವರು ಹೇಳಿದ್ದನ್ನು ಕೇಳಿದರು. ಬಾಯಿ ತೆರೆಯಿತು. ದನಿ ಹೊರಡಲಿಲ್ಲ.

ಮಣ್ಣು ಮಾಡುವಾಗಲೂ ಅಳಲಿಲ್ಲ. "ಕಲ್ಲು ಹೆಂಗಸು" ಎಂದು ವಠಾರದವರು ಆಡಿಕೊಂಡರು. ಅಕ್ಕನ ಮನೆಯಲ್ಲಿ ಕುಕ್ಕರ್ ಒಂದೇ ಕೂಗತೊಡಗಿತು.

ಕೆಲವು ತಿಂಗಳ ಮೇಲೆ ಒಬ್ಬ ನಿರ್ದೇಶಕರು ಹೊಸ ಸಿನಿಮಾಗೆ ಕರೆಯಲು ಮನೆಗೆ ಬಂದರು. ಅಕ್ಕನ ಮುಖ ನೋಡಿ, "ಬೇಡ ಬಿಡಿ ಅಮ್ಮಾ, ಬೇರೆಯವರನ್ನ ನೋಡ್ಕೋತೀನಿ," ಎಂದರು. "ಬರ್ತೀನಿ ಸಾರ್," ಎಂದರು ಅಕ್ಕ. ಸ್ಟುಡಿಯೋಗೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು.

ಆಗೆಲ್ಲ ದನಿ ಸರಿಹೊಂದುವವರೆಗೂ ಒಂದೇ ದೃಶ್ಯದ ರೀಲನ್ನು ತುದಿಗೆ ತುದಿ ಅಂಟಿಸಿ ಸುತ್ತಿಸುತ್ತಿದ್ದರು. ಕತ್ತಲ ಕೋಣೆಯ ತೆರೆಯ ಮೇಲೆ ನಾಯಕಿ ಬಾಗಿಲು ತೆಗೆಯುತ್ತಾಳೆ, ಹೊಸ್ತಿಲಾಚೆ ಏನನ್ನೋ ಕಂಡು ಬಾಯಿ ತೆರೆಯುತ್ತಾಳೆ. ಮತ್ತೆ ಬಾಗಿಲು, ಮತ್ತೆ ಬಾಯಿ. ಮೈಕಿನ ಮುಂದೆ ಅಕ್ಕನ ಬಾಯಿಯೂ ತೆರೆಯುತ್ತಿತ್ತು, ಬರಿದಾಗಿ. ನೋಡಲಾಗದೆ ನಾನು ಎದ್ದು ನಿಂತೆ.

"ಸಾಕು ಬಿಡಿ ಅಮ್ಮಾ," ಎಂದರು ನಿರ್ದೇಶಕರು.

"ಇನ್ನೊಂದ್ಸಲ ಬಾಗಿಲು ತೆಗೀಲಿ ಸಾರ್."

ರೀಲು ಸುತ್ತಿತು. ಉಸಿರು ಒಳಗೆಳೆದದ್ದು ಮೊದಲು ಕೇಳಿಸಿತು. ಆಮೇಲೆ ಬಂದದ್ದನ್ನು ಕಿರುಚಾಟ ಎನ್ನಲಾರೆ. ಹೊಟ್ಟೆಯಾಳದಿಂದ ಕಿತ್ತುಕೊಂಡು ಬಂದ ಕೂಗು ಅದು. ರೀಲು ನಿಂತರೂ ಅದು ನಿಲ್ಲಲಿಲ್ಲ. ಯಾರೂ ದೀಪ ಹಾಕಲಿಲ್ಲ. ಕತ್ತಲಲ್ಲೇ ಹೋಗಿ ಅವರನ್ನು ತಬ್ಬಿಕೊಂಡೆ. ಬಸ್ಸಿನಲ್ಲಿ ಮನೆ ಸೇರುವವರೆಗೂ ಅಕ್ಕ ಮಗನ ವಿಷಯ ಹೇಳುತ್ತಾ ಅಳುತ್ತಲೇ ಇದ್ದರು.

ಸಿನಿಮಾ ಬಂದಾಗ ಅವರು ನೋಡಲಿಲ್ಲ. ನಾನು ಹೋಗಿದ್ದೆ. ಅಲ್ಲಿಯವರೆಗೆ ಶಿಳ್ಳೆ ಹೊಡೆಯುತ್ತಿದ್ದ ಹುಡುಗರು ಆ ಕೂಗಿಗೆ ತಣ್ಣಗಾದರು. ಹಿಂದಿನ ಸಾಲಿನಿಂದ ಒಬ್ಬ, "ಹೀರೋಯಿನ್ ಏನ್ ಕಿರುಚಿದಾಳೆ ಗುರು!" ಎಂದ.

ಮನೆಗೆ ಬಂದು ಹೇಳಿದೆ. ಅಕ್ಕ ನಕ್ಕರು. "ಅವಳ ಹೆಸರಲ್ಲೇ ಇರ್ಲಿ ಬಿಡೇ. ಒಳಗಿದ್ದಿದ್ದು ಹೊರಗೆ ಬಂತಲ್ಲ."

ಮತ್ತೆ ಅವರು ಮೈಕಿನ ಮುಂದೆ ನಿಲ್ಲಲಿಲ್ಲ. ಮುಂದೆ ಕೆಲವೇ ವರ್ಷ ಬದುಕಿದ್ದರು.

ಮೊನ್ನೆ ಟೀವಿಯಲ್ಲಿ ಆ ಸಿನಿಮಾ ಬಂತು. ನಾಯಕಿ ಬಾಗಿಲಿಗೆ ಕೈ ಹಾಕಿದಾಗ ನನ್ನ ಸೊಸೆ ಹೆದರಿ ಸದ್ದು ಕಡಿಮೆ ಮಾಡಲು ಹೋದಳು.

"ಬೇಡಮ್ಮಾ," ಎಂದೆ. "ಪೂರ್ತಿ ಕೂಗಲಿ."